ಇಟಲಿ, ಸ್ವಿಸ್, ಆಸ್ಟ್ರಿಯಾ ಬಾಡಿಗೆ ಕಾರಲ್ಲಿ – ಟೋಲ್ ಕಟ್ಟುವುದು ಹೇಗೆ?

ಕಾಪು ಬೀಚ್ ರೋಡ್:

ನಮಸ್ಕಾರ ಎಲ್ಲರಿಗೂ. ಮೇ ತಿಂಗಳಲ್ಲಿ ನಾವು ನಾಲ್ಕು ಜನ ಯುರೋಪಿಗೆ ಹೊರಟಿದ್ದೇವೆ. ನಾನು, ಹೆಂಡತಿ, ಮಗಳು, ಜೊತೆಗೆ ಅತ್ತೆಯವರು. ಮಿಲಾನಿನ ಮಾಲ್ಪೆನ್ಸಾ ಏರ್‌ಪೋರ್ಟಲ್ಲಿ ಇಳಿದು ಅಲ್ಲೇ ಬಾಡಿಗೆ ಕಾರು ಹಿಡಿಯುವುದು. ಮೊದಲು ಕೋಮೋ ಸರೋವರ. ಆಮೇಲೆ ಗಡಿ ದಾಟಿ ಲುಗಾನೊ, ಗೊಟ್ಟಾರ್ಡ್ ಸುರಂಗ, ಲುಜರ್ನ್. ಅಲ್ಲಿಂದ ಆಸ್ಟ್ರಿಯಾದ ಇನ್ಸ್‌ಬ್ರುಕ್. ಬರುವಾಗ ಬ್ರೆನ್ನರ್ ಘಾಟಿ ಇಳಿದು ವೆರೋನಾ, ವಾಪಸ್ ಮಿಲಾನ್.

ಗಾಡಿ ಓಡಿಸುವ ಹೆದರಿಕೆ ನನಗಿಲ್ಲ. ಮಳೆಗಾಲದಲ್ಲಿ ಶಿರಾಡಿ ಹತ್ತಿದವನಿಗೆ ಆಲ್ಪ್ಸ್ ಎಂತ ಮಾಡೀತು! ಎಡಗಡೆ ಸ್ಟಿಯರಿಂಗ್‌ಗೂ ಕೈ ಬೇಗ ಹೊಂದುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ತಲೆಬಿಸಿ ಟೋಲ್.

ನನಗೆ ಗೊತ್ತಿರುವ ಟೋಲ್ ಅಂದರೆ ಮಂಗಳೂರಿಗೆ ಹೋಗುವಾಗ ಹೆಜಮಾಡಿ, ಕುಂದಾಪುರ ಕಡೆಗೆ ಸಾಸ್ತಾನ, ಕಾಸರಗೋಡು ಕಡೆಗೆ ತಲಪಾಡಿ. ಗಾಜಿನ ಮೇಲೆ ಫಾಸ್ಟ್ಯಾಗ್ ಉಂಟು, ಕಂಬ ಏಳುತ್ತದೆ, ಮೊಬೈಲಿಗೆ ಮೆಸೇಜ್ ಬರುತ್ತದೆ, ಮುಗಿಯಿತು. ಅಲ್ಲಿ ಮೂರು ದೇಶಕ್ಕೆ ಮೂರು ಪದ್ಧತಿ ಅಂತೆ. ಯೂಟ್ಯೂಬ್ ನೋಡಿದಷ್ಟೂ ಗೊಂದಲ ಜಾಸ್ತಿಯಾಯಿತು. ಒಬ್ಬ ಸ್ಟಿಕ್ಕರ್ ತೆಗೆದುಕೊಳ್ಳಿ ಅನ್ನುತ್ತಾನೆ, ಇನ್ನೊಬ್ಬ ಕ್ಯಾಶ್ ಇಟ್ಟುಕೊಳ್ಳಿ ಅನ್ನುತ್ತಾನೆ, ಮತ್ತೊಬ್ಬನಿಗೆ ಮನೆಗೆ ಬಂದ ಮೇಲೆ ದಂಡದ ಚೀಟಿ ಬಂದಿದೆಯಂತೆ.

ಬಾಡಿಗೆ ಕಂಪನಿಯ ಕರಾರು ಪತ್ರ ಮಗಳು ಕೂತು ಓದಿದಳು. ಅದರಲ್ಲಿ ಒಂದು ಸಾಲು ಉಂಟು: ಟೋಲ್ ಬಾಕಿ, ದಂಡ ಯಾವುದೇ ಇರಲಿ, ನಮ್ಮ ಹತ್ತಿರ ಬಂದರೆ ಒಂದೊಂದಕ್ಕೂ 45 ಯೂರೋ ನಮ್ಮ ಖರ್ಚು ಬೇರೆ. ಅಂದರೆ ಮೂರು ಯೂರೋ ಟೋಲ್ ತಪ್ಪಿದರೆ 48 ಯೂರೋ. ಇದೆಂತ ವ್ಯಾಪಾರ ಮಾರಾಯ್ರೇ?

ಹೋಗಿ ಬಂದವರು ಅಥವಾ ಅಲ್ಲೇ ಇರುವವರು ದಯವಿಟ್ಟು ಬಿಡಿಸಿ ಹೇಳಿ. ಫಾಸ್ಟ್ಯಾಗ್ ತರದ್ದು ಏನಾದರೂ ಮೊದಲೇ ಮಾಡಿಸಬೇಕಾ? ನಮ್ಮ ಕಾರ್ಡು ನಡೆಯುತ್ತದಾ? ಸ್ಟಿಕ್ಕರ್ ಎಲ್ಲಿ ಸಿಗುತ್ತದೆ?


ದೇರಾ ಟು ದೇರಳಕಟ್ಟೆ:

ಅಣ್ಣ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನಾನು ದುಬೈಯಲ್ಲಿ ಇರುವವ. ಇಲ್ಲಿ 2007ರಿಂದಲೇ ಸಾಲಿಕ್ ಅನ್ನುವ ಟೋಲ್ ಉಂಟು. ಕಂಬವೂ ಇಲ್ಲ, ಬೂತೂ ಇಲ್ಲ. ರಸ್ತೆ ಮೇಲೆ ಒಂದು ಕಮಾನು, ಅದರ ಅಡಿಯಲ್ಲಿ ಸುಮ್ನೆ ಓಡಿಸಿಕೊಂಡು ಹೋಗುವುದು. ಮೊದಲು ಯಾವ ಹೊತ್ತಿಗೂ 4 ದಿರ್ಹಂ ಇತ್ತು. 2025ರ ಜನವರಿ 31ರಿಂದ ಬೆಳಿಗ್ಗೆ, ಸಂಜೆ ರಶ್ ಟೈಮಿಗೆ 6, ಉಳಿದ ಹೊತ್ತಿಗೆ 4, ರಾತ್ರಿ ಒಂದರಿಂದ ಬೆಳಿಗ್ಗೆ ಆರರವರೆಗೆ ಫ್ರೀ. ಬಾಡಿಗೆ ಕಾರಿಗೆ ಟ್ಯಾಗ್ ಅವರದ್ದೇ ಇರುತ್ತದೆ. ಕೊನೆಗೆ ಬಿಲ್ಲಿಗೆ ಸೇರಿಸುತ್ತಾರೆ. ಯುರೋಪಲ್ಲೂ ಹಾಗೇ ಇರಬಹುದು. ಕಂಪನಿಯವರೇ ನೋಡಿಕೊಳ್ಳುತ್ತಾರೆ, ನೀವು ಆರಾಮ ಸುತ್ತಾಡಿ.


ಕಿನ್ನಿಗೋಳಿ ಬಾಯಮ್ಮ:

ದುಬೈಯವರು ಹೇಳಿದ್ದು ದುಬೈಗೆ ಸರಿ. ಇಟಲಿಯಲ್ಲಿ ಹಾಗೆ ಆರಾಮ ಬಿಟ್ಟರೆ ಕೆಟ್ಟಿರಿ.

ನಾನು ಬೆರ್ಗಾಮೊ ಹತ್ತಿರ ಇರುವವಳು. ವೃದ್ಧಾಶ್ರಮದಲ್ಲಿ ನರ್ಸ್. ಎ4 ಹೆದ್ದಾರಿ ನನಗೆ ನಿಮ್ಮ ರಾಷ್ಟ್ರೀಯ ಹೆದ್ದಾರಿ 66 ಇದ್ದ ಹಾಗೆ. ಊರಿಂದ ಬರುವ ನೆಂಟರೆಲ್ಲ ಮೊದಲು ಕೇಳುವುದು ಇದನ್ನೇ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಅಡ್ಡಕಂಬ ಕಂಡರೆ ಖುಷಿಪಡಿ. ಅಡ್ಡಕಂಬ ಇಲ್ಲದ ರಸ್ತೆಗೆ ಹೆದರಿ. ಕಂಬ ಇದ್ದಲ್ಲಿ ದುಡ್ಡು ಕೇಳುತ್ತಾರೆ, ನೀವು ಕೊಡುತ್ತೀರಿ, ಲೆಕ್ಕ ಚುಕ್ತಾ. ಕಂಬ ಇಲ್ಲದಲ್ಲಿ ಯಾರೂ ಕೇಳುವುದಿಲ್ಲ. ನೀವು ಫ್ರೀ ಅಂದುಕೊಂಡು ಊರಿಗೆ ಹೋಗಿ ಗಂಜಿ ಉಣ್ಣುತ್ತಾ ಇರುವಾಗ ಕಾರ್ಡಿಂದ ದುಡ್ಡು ಹೋಗುತ್ತದೆ.

ಮೊದಲು ಕಂಬ ಇರುವ ರಸ್ತೆ. ಇಟಲಿಯಲ್ಲಿ ಟೋಲ್ ಇರುವ ಹೆದ್ದಾರಿಯ ಬೋರ್ಡು ಹಸಿರು, ಸಾಮಾನ್ಯ ರಸ್ತೆಯದ್ದು ನೀಲಿ. ಹೆಜಮಾಡಿಯಲ್ಲಿ ಗೇಟು ದಾಟಿದರೆ ಇಷ್ಟು ಅಂತ ರೇಟು. ಇಲ್ಲಿ ಹೆಚ್ಚಿನ ಕಡೆ ಓಡಿದಷ್ಟಕ್ಕೆ ದುಡ್ಡು. ಹತ್ತುವಾಗ ಒಂದು ಟಿಕೆಟ್, ಇಳಿಯುವಾಗ ಲೆಕ್ಕ. ಮಷಿನ್ ನಿಮ್ಮ ಎಡಗಡೆ ಇರುತ್ತದೆ, ಕೆಂಪು ಗುಂಡಿ ಒತ್ತಿದರೆ ಟಿಕೆಟ್ ಹೊರಗೆ ನಾಲಿಗೆ ಚಾಚುತ್ತದೆ. ಗುಂಡಿ ಎರಡು ಇರುತ್ತವೆ, ಮೇಲಿನದ್ದು ಲಾರಿಯವರಿಗೆ. ಊರಿನ ಅಭ್ಯಾಸದಲ್ಲಿ ಕಾರನ್ನು ಮಷಿನಿಂದ ದೂರ ನಿಲ್ಲಿಸುತ್ತೀರಿ, ಕೈ ಎಟಕುವುದಿಲ್ಲ, ಬಾಗಿಲು ತೆಗೆಯಲಿಕ್ಕೆ ಹೋದರೆ ಕಟ್ಟೆಗೆ ತಾಗುತ್ತದೆ. ನಮ್ಮ ಕಾರಲ್ಲಿ ಡ್ರೈವರ್ ಬಲಕ್ಕೆ ಅಲ್ವಾ, ಎಡಗಡೆ ಎಷ್ಟು ಜಾಗ ಉಳಿದಿದೆ ಅಂತ ಕಣ್ಣಿಗೆ ಅಂದಾಜು ಸಿಗುವುದಿಲ್ಲ. ಮೆಲ್ಲ ಹೋಗಿ, ಹತ್ತಿರ ನಿಲ್ಲಿಸಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಹೊಡೆಯಲಿ ಬಿಡಿ.

ಆ ಟಿಕೆಟ್ಟನ್ನು ತಲೆ ಮೇಲಿನ ಸನ್‌ವೈಸರ್‌ಗೆ ಸಿಕ್ಕಿಸಿಡಿ. ಬೇರೆಲ್ಲೂ ಬೇಡ. ಹೆಂಗಸರ ಬ್ಯಾಗಿಗೆ ಹೋದರೆ ಬೇಕಾದಾಗ ಸಿಗುವುದಿಲ್ಲ, ಬ್ಯಾಗಿನ ಒಡತಿಯಾಗಿ ಹೇಳುತ್ತಾ ಇದ್ದೇನೆ. ಟಿಕೆಟ್ ಕಳೆದರೆ ಅತಿ ದೂರದ ಗೇಟಿಂದ ಬಂದಿರಿ ಅಂತ ಲೆಕ್ಕ ಹಾಕುತ್ತಾರೆ.

ಇಳಿಯುವ ಗೇಟಲ್ಲಿ ಸಾಲು ಆರಿಸುವುದೇ ದೊಡ್ಡ ಕೆಲಸ. ಹಳದಿ ಬೋರ್ಡು, ಟೆಲೆಪಾಸ್ ಅಂತ ಬರೆದಿದ್ದರೆ ಅದು ಇಲ್ಲಿನವರ ಫಾಸ್ಟ್ಯಾಗ್, ಆ ಕಡೆ ತಲೆ ಹಾಕಬೇಡಿ. ನೀಲಿ ಬೋರ್ಡಲ್ಲಿ ಕಾರ್ಡು. ಬಿಳಿ ಬೋರ್ಡಲ್ಲಿ ನೋಟು, ನಾಣ್ಯದ ಚಿತ್ರ, ಅಲ್ಲಿ ನಗದು. ನಿಮಗೆ ನನ್ನ ಸಲಹೆ ಬಿಳಿ ಬೋರ್ಡು. ಮೊದಲು ಟಿಕೆಟ್ ತೂರಿಸಿ, ಪರದೆಯಲ್ಲಿ ಮೊತ್ತ ಬರುತ್ತದೆ, ಆಮೇಲೆ ದುಡ್ಡು. ದೊಡ್ಡ ನೋಟು ಹಾಕಿದರೆ ಚಿಲ್ಲರೆ ಎಲ್ಲ ನಾಣ್ಯದಲ್ಲಿ ದಬದಬ ಬೀಳುತ್ತದೆ. ಅದನ್ನು ಬಾಚಿ ಕಪ್ ಹೋಲ್ಡರಲ್ಲಿ ಹಾಕಿಡಿ, ಮುಂದಿನ ಗೇಟಿಗೆ ಆಯಿತು. ಒಂದೆರಡು ಕಡೆ, ಮಿಲಾನ್ ಸುತ್ತಮುತ್ತ ಮುಖ್ಯವಾಗಿ, ಟಿಕೆಟ್ಟೇ ಇಲ್ಲದೆ ನೇರ ದುಡ್ಡು ಕೇಳುವ ಗೇಟು ಬರುತ್ತದೆ. ಟಿಕೆಟ್ ಎಲ್ಲಿ ಬಿತ್ತು ಅಂತ ಸೀಟಿನ ಅಡಿ ಹುಡುಕಬೇಡಿ.

ಕಾರ್ಡು ಹಿಡಿಯಲಿಲ್ಲ, ಅಥವಾ ಅವಸರದಲ್ಲಿ ಹಳದಿ ಸಾಲಿಗೆ ಹೋಗಿಬಿಟ್ಟಿರಿ ಅನ್ನಿ. ಏನೇ ಆಗಲಿ ರಿವರ್ಸ್ ಹಾಕಬೇಡಿ. ಊರಲ್ಲಿ ನಾಲ್ಕು ಜನ ಬಂದು ಹಿಂದೆ ಬರ್ಲಿ ಬರ್ಲಿ ಅಂತ ಕೈ ಬೀಸುತ್ತಾರೆ, ಇಲ್ಲಿ ಅದು ದೊಡ್ಡ ಅಪರಾಧ. ಮಷಿನಲ್ಲಿ ಸಹಾಯದ ಗುಂಡಿ ಉಂಟು, ಒತ್ತಿ. ಒಳಗಿಂದ ಒಬ್ಬರು ಇಟಾಲಿಯನ್‌ನಲ್ಲಿ ಮಾತಾಡುತ್ತಾರೆ, ನೀವು ಇಂಗ್ಲಿಷಲ್ಲಿ ಕಾರ್ಡ್ ನಾಟ್ ವರ್ಕಿಂಗ್ ಅನ್ನಿ, ಸಾಕು. ನಂಬರ್ ಪ್ಲೇಟಿನ ಫೋಟೋ ಹೊಡೆದು ಒಂದು ಚೀಟಿ ಕೊಟ್ಟು ಕಂಬ ಎತ್ತುತ್ತಾರೆ. ಅದು ದಂಡ ಅಲ್ಲ, ಬಾಕಿಯ ಚೀಟಿ. 15 ದಿನದೊಳಗೆ ಆನ್‌ಲೈನಲ್ಲಿ ಕಟ್ಟಿದರೆ ಟೋಲ್ ಎಷ್ಟೋ ಅಷ್ಟೇ. ಚೀಟಿಯ ಫೋಟೋ ತೆಗೆದಿಡಿ, ಸಂಜೆ ಹೋಟೆಲಿಗೆ ಹೋಗಿ ಕಟ್ಟಿಬಿಡಿ.

ಇನ್ನು ಕಂಬ ಇಲ್ಲದ ರಸ್ತೆ. ಇದು ನಿಮ್ಮ ದಾರಿಯಲ್ಲೇ ಉಂಟು, ಅದೂ ಮೊದಲ ದಿನವೇ. ಮಾಲ್ಪೆನ್ಸಾದಿಂದ ಕೋಮೋಗೆ ಅಂತ ಗೂಗಲ್ ಮ್ಯಾಪಿಗೆ ಹಾಕಿದರೆ ಎ36 ರಸ್ತೆ ತೋರಿಸುವ ಸಂಭವ ಜಾಸ್ತಿ. ಪೆಡೆಮೊಂಟಾನಾ ಅಂತ ಅದರ ಹೆಸರು. ಕೋಮೋ ಹತ್ತಿರದ ಎ59 ಕೂಡ ಅದರದ್ದೇ. ಒಂದೂ ಗೇಟಿಲ್ಲ, ಮೇಲೆ ಕ್ಯಾಮೆರಾ ಮಾತ್ರ. ವಿಮಾನ ಇಳಿದು ನಿದ್ದೆಗಣ್ಣಲ್ಲಿ ಇರುವವರಿಗೆ ಆ ಬೋರ್ಡು ಎಲ್ಲಿ ಕಾಣುತ್ತದೆ? ಬಾಡಿಗೆ ಕಾರಿನವರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಇದಕ್ಕೂ 15 ದಿನ ಟೈಮ್ ಉಂಟು. ಅವರ ವೆಬ್‌ಸೈಟಲ್ಲಿ ಕಾರಿನ ನಂಬರ್ ಹಾಕಿ ಕಟ್ಟಬಹುದು. ಅಷ್ಟು ದಿನದೊಳಗೆ ಕಟ್ಟದಿದ್ದರೆ ನೋಟಿಸ್ ಕಾರಿನ ಮಾಲೀಕನಿಗೆ ಹೋಗುತ್ತದೆ. ಮಾಲೀಕ ಅಂದರೆ ಬಾಡಿಗೆ ಕಂಪನಿ. ನಿಮ್ಮ ಮಗಳು ಓದಿದ 45 ಯೂರೋ ಸಾಲು ಕೆಲಸ ಮಾಡುವುದು ಆಗ.

ಬೇಡ ಅನಿಸಿದರೆ ಆ ರಸ್ತೆ ಬಿಟ್ಟೇ ಹೋಗಬಹುದು. ಎ8 ಹಿಡಿದು ಮಿಲಾನ್ ದಿಕ್ಕಿಗೆ ಬನ್ನಿ, ಲಾಯಿನಾತೆ ಅಂತ ಒಂದು ಕಡೆ ಎ9 ಕವಲೊಡೆಯುತ್ತದೆ, ಅದು ಸೀದಾ ಕೋಮೋ. ಗೇಟು ಬರುತ್ತದೆ, ದುಡ್ಡು ಕೊಟ್ಟು ಹೋಗುವುದು. ಸ್ವಲ್ಪ ಸುತ್ತು, ಆದರೆ ಮೊದಲ ದಿನಕ್ಕೆ ನೆಮ್ಮದಿ.

ಟೆಲೆಪಾಸ್ ಡಬ್ಬಿ ದಿನ ಬಾಡಿಗೆಗೆ ಕೊಡುತ್ತೇವೆ ಅಂತ ಕೌಂಟರಲ್ಲಿ ಕೇಳಿದರೆ ನಿಮ್ಮ ಪ್ರವಾಸಕ್ಕೆ ಬೇಕಾಗಿಲ್ಲ. ಅರ್ಧ ದಾರಿ ನೀವು ಇಟಲಿಯಲ್ಲೇ ಇರುವುದಿಲ್ಲ.

ಸ್ವಿಸ್, ಆಸ್ಟ್ರಿಯಾ ಬಗ್ಗೆ ಅಲ್ಲಿನವರು ಹೇಳಲಿ. ನನಗೆ ನೈಟ್ ಡ್ಯೂಟಿ ಉಂಟು.


ಕಾಪು ಬೀಚ್ ರೋಡ್:

ಬಾಯಮ್ಮ ಅಕ್ಕ, ಕೈ ಮುಗಿದೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಮ್ಮ ಮನೆಯವಳಿಗೆ ಓದಿ ಹೇಳಿದೆ. ಬ್ಯಾಗಿನ ಮಾತು ಬಂದಾಗ ಮುಖ ಊದಿಸಿದಳು, ಆದರೆ ಒಪ್ಪಿದಳು.

ಎ36 ಸೈಟಲ್ಲಿ ಕಟ್ಟಬೇಕಾದರೆ ನಮ್ಮ ಕಾರ್ಡು ಆಗುತ್ತದಾ? ಓಟಿಪಿ ಬರಬೇಕಲ್ಲ, ನನ್ನ ಸಿಮ್ಮಿಗೆ ಅಲ್ಲಿ ನೆಟ್‌ವರ್ಕ್ ಇರುತ್ತದೋ ಇಲ್ಲವೋ.


ಮಣಿಪಾಲದ ಹಳೇ ಪಾಸ್‌ಬುಕ್:

ಬ್ಯಾಂಕಿನಲ್ಲೇ ಕೂದಲು ಹಣ್ಣಾದವ ನಾನು, ಇದಕ್ಕೆ ಉತ್ತರ ಕೊಡುತ್ತೇನೆ.

2020ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತು. ಹೊಸದಾಗಿ ಕೊಡುವ ಕಾರ್ಡು ಭಾರತದೊಳಗೆ ಮಾತ್ರ ನಡೆಯುತ್ತದೆ. ವಿದೇಶದ ಬಳಕೆಯನ್ನು ಗ್ರಾಹಕರೇ ಆನ್ ಮಾಡಿಕೊಳ್ಳಬೇಕು. ಎಷ್ಟೋ ಜನರಿಗೆ ಇದು ಗೊತ್ತಾಗುವುದು ಅಲ್ಲಿ ಕಾರ್ಡು ತಿರಸ್ಕಾರ ಆದಾಗಲೇ. ಬ್ಯಾಂಕಿನ ಆ್ಯಪಲ್ಲಿ ಕಾರ್ಡ್ ಸೆಟ್ಟಿಂಗ್‌ಗೆ ಹೋಗಿ. ಅಂಗಡಿ ಮಷಿನ್, ಟ್ಯಾಪ್ ಮಾಡುವುದು, ಆನ್‌ಲೈನ್, ಎಟಿಎಂ ಇವೆಲ್ಲ ಬೇರೆ ಬೇರೆ ಸ್ವಿಚ್. ವಿದೇಶದ ಕಾಲಮ್ಮಿನಲ್ಲಿ ಮೊದಲ ಮೂರನ್ನು ಆನ್ ಮಾಡಿ, ಮಿತಿ ಎಷ್ಟು ಅಂತ ಹಾಕಿ. ಊರಿಗೆ ಬಂದ ಕೂಡಲೇ ಆಫ್ ಮಾಡಿ.

ರುಪೇ ಡೆಬಿಟ್ ಕಾರ್ಡು ನಂಬಿಕೊಂಡು ಇಟಲಿಯ ಗೇಟಿಗೆ ಹೋಗಬೇಡಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡೇ ಬೇಕು. ಆಗುವುದಾದರೆ ಎರಡು ಬೇರೆ ಬ್ಯಾಂಕಿನದ್ದು. ಮೊದಲೇ ವಿದೇಶಿ ದುಡ್ಡು ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡು ಹೋಟೆಲಿಗೆ, ಊಟಕ್ಕೆ ಒಳ್ಳೆಯದು. ಆದರೆ ಜನ ಇಲ್ಲದ ಮಷಿನುಗಳು ಪ್ರೀಪೇಯ್ಡ್ ಕಾರ್ಡನ್ನು ಕೆಲವೊಮ್ಮೆ ಒಪ್ಪುವುದಿಲ್ಲ. ಬಾಡಿಗೆ ಕಾರಿನ ಡಿಪಾಸಿಟ್‌ಗೂ ಗಾಡಿ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಕೇಳುತ್ತಾರೆ. ಕಾರು ನಿಮ್ಮ ಹೆಸರಲ್ಲಿ, ಕಾರ್ಡು ಹೆಂಡತಿ ಹೆಸರಲ್ಲಿ ಅಂದರೆ ಕೌಂಟರಲ್ಲೇ ಜಗಳ ಶುರು.

ಓಟಿಪಿಗೆ ನಿಮ್ಮ ನಂಬರಿಗೆ ಇಲ್ಲಿಂದಲೇ ರೋಮಿಂಗ್ ಹಾಕಿಸಿಕೊಂಡು ಹೋಗಿ. ಅಲ್ಲಿಗೆ ಹೋಗಿ ಆನ್ ಮಾಡುತ್ತೇನೆ ಅನ್ನಬೇಡಿ. ಆನ್ ಮಾಡಲಿಕ್ಕೂ ಓಟಿಪಿ ಕೇಳಿದರೆ ಏನು ಮಾಡುತ್ತೀರಿ?


ಜ್ಯೂರಿಕಲ್ಲಿ ಬಂಗುಡೆ:

ಸ್ವಿಸ್ ಕಥೆ ಬಹಳ ಸುಲಭ. ಇಲ್ಲಿ ಗೇಟೂ ಇಲ್ಲ, ಕಿಲೋಮೀಟರ್ ಲೆಕ್ಕವೂ ಇಲ್ಲ. ಹೆದ್ದಾರಿಗೆ ಒಂದು ವಿನ್ಯೆಟ್, ಅಂದರೆ ನೀವು ಕೇಳಿದ ಟೋಲ್ ಸ್ಟಿಕ್ಕರ್, ತೆಗೆದುಕೊಂಡರೆ ವರ್ಷವಿಡೀ ಓಡಿಸಬಹುದು. 40 ಫ್ರಾಂಕ್. ಒಂದು ದಿನಕ್ಕೆ, ವಾರಕ್ಕೆ ಅಂತ ಇಲ್ಲ. ಮೂರು ದಿನ ಇದ್ದರೂ 40, ವರ್ಷ ಇದ್ದರೂ 40. ಗೊಟ್ಟಾರ್ಡ್ ಸುರಂಗ 17 ಕಿಲೋಮೀಟರ್ ಹತ್ತಿರ ಉದ್ದ, ಅದಕ್ಕೆ ಬೇರೆ ದುಡ್ಡಿಲ್ಲ, ಇದರಲ್ಲೇ ಬಂತು. ಜಾಸ್ತಿ ಆಯಿತು ಅಂತ ಬೈಯುವ ಮೊದಲು ಕೇಳಿ, ಈ ರೇಟು 1995ರಿಂದ ಏರಿಲ್ಲ. 2013ರಲ್ಲಿ ಸರ್ಕಾರ ನೂರು ಫ್ರಾಂಕ್ ಮಾಡಲು ಹೊರಟಿತ್ತು, ಜನ ವೋಟು ಹಾಕಿ ಬೇಡ ಅಂದರು. ನಮ್ಮಲ್ಲಿ ಸುರತ್ಕಲ್ ಟೋಲ್ 2022ರಲ್ಲಿ ನಿಲ್ಲಬೇಕಾದರೆ ಎಷ್ಟು ದಿನ ರಸ್ತೆಯಲ್ಲಿ ಧರಣಿ ಕೂರಬೇಕಾಯಿತು ನೆನಪಿದೆಯಲ್ಲ.

2023ರ ಆಗಸ್ಟಿಂದ ಇ-ವಿನ್ಯೆಟ್ ಬಂದಿದೆ. ಕಾರಿನ ನಂಬರಿಗೆ ಹೊಂದಿಸಿ ಆನ್‌ಲೈನಲ್ಲಿ ತೆಗೆದುಕೊಳ್ಳಬಹುದು. ಬಾಡಿಗೆ ಕಾರಿನ ನಂಬರ್ ಕೈಗೆ ಬರುವ ತನಕ ಗೊತ್ತಿರುವುದಿಲ್ಲವಲ್ಲ, ಹಾಗಾಗಿ ಊರಲ್ಲಿ ಕೂತು ಮೊದಲೇ ಮಾಡಲು ಹೋಗಬೇಡಿ. ಕೋಮೋದಲ್ಲಿ ಉಳಿದುಕೊಂಡ ರಾತ್ರಿ ಮಾಡಿ. ಸರ್ಕಾರದ ಸೈಟಲ್ಲೇ ಮಾಡಿ. ಹುಡುಕಿದರೆ ಮೊದಲು ಬರುವುದು ಮಧ್ಯವರ್ತಿಗಳ ಸೈಟು, ಅದೇ ವಿನ್ಯೆಟ್ಟಿಗೆ ಮೇಲಿಂದ ಕಮಿಷನ್ ಹಾಕುತ್ತಾರೆ. 40ಕ್ಕಿಂತ ಒಂದು ಫ್ರಾಂಕ್ ಜಾಸ್ತಿ ಕೇಳಿದರೂ ಮುಚ್ಚಿಬಿಡಿ.

ಸ್ಟಿಕ್ಕರೇ ಬೇಕಾದರೆ ಗಡಿ ಹತ್ತಿರದ ಪೆಟ್ರೋಲ್ ಬಂಕಲ್ಲಿ ಸಿಗುತ್ತದೆ. ಗಾಜಿಗೆ ಒಳಗಿಂದ ಅಂಟಿಸಲೇಬೇಕು, ಡ್ಯಾಶ್‌ಬೋರ್ಡಲ್ಲಿ ಇಟ್ಟುಕೊಂಡರೆ ಲೆಕ್ಕಕ್ಕಿಲ್ಲ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್ಟಿನ ದುಡ್ಡು. ಅದಕ್ಕೂ ಮೊದಲು ಕಾರಿನ ಗಾಜು ಒಮ್ಮೆ ನೋಡಿ. ಹಿಂದೆ ಬಾಡಿಗೆಗೆ ತೆಗೆದುಕೊಂಡವರು ಯಾರಾದರೂ ಈ ವರ್ಷದ್ದು ಅಂಟಿಸಿದ್ದರೆ ನಿಮ್ಮ 40 ಫ್ರಾಂಕ್ ಉಳಿಯಿತು.

ಆಸ್ಟ್ರಿಯಾದಲ್ಲೂ ವಿನ್ಯೆಟ್ಟೇ. ಆದರೆ ಅವರು ಸ್ವಲ್ಪ ಉದಾರಿಗಳು, ಹತ್ತು ದಿನದ್ದು ಉಂಟು, 2024ರಿಂದ ಒಂದು ದಿನದ್ದೂ ಬಂದಿದೆ. ಅಸ್ಫಿನಾಗ್ ಅಂತ ಅವರ ರಸ್ತೆ ಕಂಪನಿ, ಅದರ ಸೈಟಲ್ಲೇ ತೆಗೆದುಕೊಳ್ಳಿ. ಇಲ್ಲಿ ಎಲ್ಲರೂ ಎಡವುವುದು ಎಲ್ಲಿ ಅಂದರೆ, ವಿನ್ಯೆಟ್ ಇದ್ದರೂ ಕೆಲವು ದುಬಾರಿ ರಸ್ತೆಗಳಿಗೆ ಬೇರೆ ಟೋಲ್. ನಿಮ್ಮ ದಾರಿಯಲ್ಲಿ ಅಂಥದ್ದು ಎರಡು. ಲುಜರ್ನಿಂದ ಇನ್ಸ್‌ಬ್ರುಕ್‌ಗೆ ಬರುವಾಗ ಆರ್ಲ್‌ಬರ್ಗ್ ಸುರಂಗ. ಇನ್ಸ್‌ಬ್ರುಕ್‌ನಿಂದ ಇಟಲಿಗೆ ಇಳಿಯುವಾಗ ಬ್ರೆನ್ನರ್ ರಸ್ತೆ. ಒಂದೊಂದಕ್ಕೂ ಹತ್ತು ಯೂರೋಗಿಂತ ಸ್ವಲ್ಪ ಮೇಲೆ. ಗೇಟಲ್ಲೇ ಕಟ್ಟಬಹುದು.


ಕಿನ್ನಿಗೋಳಿ ಬಾಯಮ್ಮ:

ಬಂಗುಡೆಯವರು ಚೆನ್ನಾಗಿ ಹೇಳಿದರು. ಬ್ರೆನ್ನರ್ ಕಡೆಯಿಂದ ನಾನು ಮುಂದುವರಿಸುತ್ತೇನೆ.

ಇನ್ಸ್‌ಬ್ರುಕ್ ಬಿಟ್ಟ ಕೂಡಲೇ ಯುರೋಪಾ ಸೇತುವೆ ಬರುತ್ತದೆ. 1963ರಲ್ಲಿ ಕಟ್ಟಿ ಮುಗಿಸಿದ್ದು, ಕಣಿವೆಯಿಂದ 190 ಮೀಟರ್ ಎತ್ತರ. ಮೇಲೆ ಓಡಿಸುವವರಿಗೆ ಏನೂ ಕಾಣುವುದಿಲ್ಲ, ಮಾಮೂಲು ರಸ್ತೆಯ ಹಾಗೇ ಇರುತ್ತದೆ. ಅತ್ತೆಯವರಿಗೆ ಎತ್ತರದ ಹೆದರಿಕೆ ಇದ್ದರೆ ದಾಟಿದ ಮೇಲೆ ಹೇಳಿ. ಅದಾದ ಮೇಲೆ ಷೋನ್‌ಬರ್ಗ್ ಟೋಲ್ ಗೇಟು. ಮುಂದೆ ಲುಯೆಗ್ ಸೇತುವೆಯಲ್ಲಿ 2025ರ ಜನವರಿಯಿಂದ ರಿಪೇರಿ ಕಾರಣಕ್ಕೆ ಸಾಮಾನ್ಯವಾಗಿ ಒಂದೊಂದೇ ಸಾಲು ಬಿಡುತ್ತಾರೆ. ಶನಿವಾರ ಅಲ್ಲಿಗೆ ಹೋಗಬೇಡಿ, ಜರ್ಮನಿಯವರೆಲ್ಲ ರಜೆಗೆ ಇಳಿದು ಬರುವುದು ಅದೇ ರಸ್ತೆಯಲ್ಲಿ. ಟೋಲ್ ತಪ್ಪಿಸಲು ಹಳೇ ರಸ್ತೆ ಹಿಡಿಯೋಣ ಅನಿಸಬಹುದು. ಟ್ರಾಫಿಕ್ ಜಾಸ್ತಿ ಇರುವ ದಿನ ಹಳ್ಳಿಯವರ ಕಷ್ಟ ನೋಡಿ ಹೊರಗಿನ ಗಾಡಿಗಳನ್ನು ಆ ರಸ್ತೆಗೆ ಬಿಡುವುದಿಲ್ಲ.

ಇಟಲಿಗೆ ಇಳಿದ ಮೇಲೆ ಅದೇ ರಸ್ತೆ ಎ22 ಆಗುತ್ತದೆ. ವಿಪಿತೇನೊ ಹತ್ತಿರ ಟಿಕೆಟ್ ತೆಗೆದುಕೊಂಡು ವೆರೋನಾದಲ್ಲಿ ಇಳಿದು ಕಟ್ಟುವುದು. ನಡುವೆ ಏನೂ ಇಲ್ಲ.

ವೆರೋನಾ, ಕೋಮೋ ಎರಡೂ ಊರಿನ ಹಳೇ ಪೇಟೆಯೊಳಗೆ ಕಾರು ತೆಗೆದುಕೊಂಡು ಹೋಗಬೇಡಿ. ಝಡ್‌ಟಿಎಲ್ ಅಂತ ಬರೆದ, ಕೆಂಪು ವೃತ್ತದ ಬೋರ್ಡು ಇರುತ್ತದೆ. ಅದರೊಳಗೆ ಊರಿನವರ ಗಾಡಿಗೆ ಮಾತ್ರ ಪ್ರವೇಶ, ಕ್ಯಾಮೆರಾ ಬಿಡುವುದಿಲ್ಲ. ಅದು ಟೋಲ್ ಅಲ್ಲ, ಸೀದಾ ದಂಡ, ಮೇಲೆ ನಿಮ್ಮ 45 ಯೂರೋ. ಹೋಟೆಲ್ ಅದರೊಳಗೆ ಇದ್ದರೆ ಅವರಿಗೆ ಮೊದಲೇ ಕಾರಿನ ನಂಬರ್ ಕೊಡಿ, ಅವರು ನೋಂದಾಯಿಸಿ ಕೊಡುತ್ತಾರೆ. ಇಲ್ಲವಾದರೆ ಹೊರಗೆ ಪಾರ್ಕ್ ಮಾಡಿ ನಡೆಯಿರಿ.


ದೇರಾ ಟು ದೇರಳಕಟ್ಟೆ:

ಅಕ್ಕ, ನಾನು ಆರಾಮ ಅಂದಿದ್ದಕ್ಕೆ ಬೈಸಿಕೊಂಡೆ, ಅಡ್ಡಿಯಿಲ್ಲ. ಆದರೆ ಒಂದು ವಾದ ಉಂಟು. ಕಂಬ ಇಲ್ಲದಿರುವುದು ತಪ್ಪಲ್ಲ. ದುಬೈಯಲ್ಲಿ ಟ್ಯಾಗು ಕಾರಲ್ಲೇ ಇರುವ ಕಾರಣ ಕಂಬ ಇಲ್ಲದೆಯೂ ಯಾರಿಗೂ ತಲೆಬಿಸಿ ಇಲ್ಲ. ಇಟಲಿಯಲ್ಲಿ ಟ್ಯಾಗೂ ಕೊಡದೆ, ಕಂಬವೂ ಇಡದೆ, ಹೊರಗಿಂದ ಬಂದವನು ವೆಬ್‌ಸೈಟ್ ಹುಡುಕಿಕೊಳ್ಳಲಿ ಅಂದರೆ ಹೇಗೆ?


ಕಿನ್ನಿಗೋಳಿ ಬಾಯಮ್ಮ:

ಇದನ್ನು ಒಪ್ಪುತ್ತೇನೆ. ಬಾಡಿಗೆ ಕಂಪನಿಯವರು ಮನಸ್ಸು ಮಾಡಿದರೆ ಕೀ ಕೊಡುವಾಗಲೇ ಎ36ರ ಬಗ್ಗೆ ಎರಡು ಮಾತು ಹೇಳಬಹುದು. ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಅಂತ ಆ 45 ಯೂರೋ ಸಾಲು ಓದಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.


ಮಣಿಪಾಲದ ಹಳೇ ಪಾಸ್‌ಬುಕ್:

ಎಲ್ಲರೂ ಟೋಲ್ ಬಗ್ಗೆ ಹೇಳಿದಿರಿ, ಐಡಿಪಿ ಬಗ್ಗೆ ಯಾರೂ ಹೇಳಲಿಲ್ಲ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ಲದೆ ಇಟಲಿಯಲ್ಲಿ ಓಡಿಸಬಾರದು. ಆರ್‌ಟಿಒದಲ್ಲಿ ಫಾರಂ 4ಎ, ಶುಲ್ಕ 1,000 ರೂಪಾಯಿ, ಪಾಸ್‌ಪೋರ್ಟ್ ಪ್ರತಿ ಬೇಕು. ಸಾರಥಿ ಪೋರ್ಟಲಲ್ಲೂ ಅರ್ಜಿ ಹಾಕಬಹುದು. ಒಂದು ವರ್ಷ ಚಾಲ್ತಿ. ಜೊತೆಗೆ ನಮ್ಮ ಮೂಲ ಲೈಸೆನ್ಸೂ ಕಿಸೆಯಲ್ಲಿ ಇರಬೇಕು. ಬೇಗ ಮಾಡಿಸಿ, ಕೊನೆಯ ವಾರಕ್ಕೆ ಇಡಬೇಡಿ.


ಕಾಪು ಬೀಚ್ ರೋಡ್:

ಎಲ್ಲರಿಗೂ ಥ್ಯಾಂಕ್ಸ್. ಬಾಡಿಗೆ ಕಂಪನಿಗೆ ಮಗಳ ಕೈಯಲ್ಲಿ ಮೇಲ್ ಹಾಕಿಸಿದೆ. ಕಾರನ್ನು ಸ್ವಿಸ್, ಆಸ್ಟ್ರಿಯಾಕ್ಕೆ ತೆಗೆದುಕೊಂಡು ಹೋಗಬಹುದಂತೆ, ಆದರೆ ಮೊದಲೇ ತಿಳಿಸಿ ಗಡಿ ದಾಟುವ ಶುಲ್ಕ ಕಟ್ಟಬೇಕಂತೆ. ವಿನ್ಯೆಟ್ ಇದೆಯಾ ಅಂತ ಕೇಳಿದ್ದಕ್ಕೆ, ಯಾವ ಕಾರು ಸಿಗುತ್ತದೆ ಅಂತ ಈಗಲೇ ಹೇಳಲಾಗುವುದಿಲ್ಲ ಅಂದರು. ಎ36 ಪ್ರಶ್ನೆಗೆ ಉತ್ತರವೇ ಇಲ್ಲ.


ಕಿನ್ನಿಗೋಳಿ ಬಾಯಮ್ಮ:

ಗಡಿ ದಾಟಲು ಒಪ್ಪಿಗೆ ಕೊಟ್ಟ ಇ-ಮೇಲನ್ನು ಪ್ರಿಂಟ್ ತೆಗೆದುಕೊಂಡು ಬನ್ನಿ, ಮೊಬೈಲಲ್ಲಿ ಇದ್ದರೆ ಸಾಲದು. ಕೀ ತೆಗೆದುಕೊಳ್ಳುವಾಗ ನಂಬರ್ ಪ್ಲೇಟಿನ ಫೋಟೋ ಹೊಡೆದು ನಾಲ್ಕು ಜನರ ಮೊಬೈಲಿಗೂ ಕಳುಹಿಸಿಡಿ, ವಿನ್ಯೆಟ್ಟಿಗೂ ಎ36ಗೂ ಅದೇ ನಂಬರ್ ಬೇಕು. ಓ ಮತ್ತು ಸೊನ್ನೆ ಅದಲುಬದಲು ಮಾಡಬೇಡಿ. ಎ36ರಲ್ಲಿ ಹೋದರೆ ಆ ದಿನದ ತಾರೀಕು ಬರೆದಿಟ್ಟುಕೊಳ್ಳಿ, ಕಟ್ಟಿದ ರಸೀದಿಯನ್ನು ಊರಿಗೆ ಹೋದ ಮೇಲೂ ಡಿಲೀಟ್ ಮಾಡಬೇಡಿ.